ಮುಚ್ಚಿದ ಕಿಟಕಿಗೆ ಕೈ ಬೀಸಿದವಳು

ಅಕ್ಕಾ,

ಆ ಹಾಳು ಜ್ವರದಲ್ಲಿ ನೀನು ಹೋದಮೇಲೆ ಮೂಲೆ ಸೇರಿದ್ದ ನಿನ್ನ ಬೈಕಿನಲ್ಲಿ ಇವತ್ತು ನಾನೂ ಮುಂದಿನ ಚಕ್ರ ಎತ್ತಿ ವೀಲಿ ಹೊಡೆದೆ ಕಣೇ! ಮನೆ ಹಿಂದಿನ ಬಯಲಲ್ಲೇ. "ಎತ್ತೋದು ಯಾರು ಬೇಕಾದ್ರೂ ಎತ್ತುತ್ತಾರೆ, ಇಳಿಸೋದು ಕಲಿ. ಬಲಗಾಲು ಹಿಂದಿನ ಬ್ರೇಕ್ ಮೇಲೇ ಇರಲಿ" ಅಂತಿದ್ದೆಯಲ್ಲ, ಹಾಗೇ ಮಾಡಿದೆ. ಎದ್ದ ಚಕ್ರ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳೀತು. ನಿನಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ನಾನೋ, ತಕ್ಷಣ ಬೈಕ್ ಆಫ್ ಮಾಡಿ ಇಳಿದೆ.

ತಿರುಗಿ ನೋಡಿದರೆ ಅಮ್ಮ! ನೀನು ಬೈಕ್ ಹತ್ತಿದರೆ ಸಾಕು, "ಆ ಮಂಗನಾಟ ನಾನು ನೋಡಲ್ಲ" ಅಂತ ಕಿಟಕಿ ಮುಚ್ಚುತ್ತಿದ್ದವಳು. ನೀನೋ, ಆ ಮುಚ್ಚಿದ ಕಿಟಕಿಗೇ ಎಡಗೈ ಬೀಸುತ್ತಿದ್ದೆ. ನಾನು ನಗುತ್ತಿದ್ದೆ.

ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದೆ.

"ಅವಳು ಇನ್ನೂ ಎತ್ತರ ಎತ್ತುತ್ತಿದ್ದಳು," ಅಂದಳು ಅಮ್ಮ. "ನನಗೆ ಕೈ ಬೇರೆ ಬೀಸ್ತಿದ್ದಳು."