ಗುಡುಗಿಗೆ ಕಿತ್ತ ಪ್ಲಗ್

ಮೇ ೧೪, ಬಸವಾಪಟ್ಟಣ

"ಹಳ್ಳೀಲಿ ಕೂತು ಕಸ್ಟಮರ್ ಕಾಲ್ ತಗಳಾಕೆ ಆಗಲ್ಲರೀ, ದಾವಣಗೆರೆ ಆಫೀಸಿಗೆ ಬರ್ರಿ." ಸೂಪರ್‌ವೈಸರ್ ರಘುನಾಥರ ಈ ಮಾತು ಮೊನ್ನೆಯಿಂದ ಚುಚ್ಚುತ್ತಿತ್ತು.

ಇವತ್ತು ನಾನು ಮನೆಯಿಂದ ಮಾತಾಡುತ್ತಿದ್ದ ಕಸ್ಟಮರ್ ಕಾಲನ್ನು ಅವರೂ ಲೈನಿನಲ್ಲಿದ್ದು ಕೇಳುತ್ತಿದ್ದಾಗಲೇ ಗುಡುಗಿತು. ಅತ್ತೆ ಓಡಿಬಂದು, "ಸಿಡಿಲು ಹೊಡೆದ್ರೆ ಎಲ್ಲಾ ಸುಟ್ಟೋಗ್ತೈತೆ" ಎನ್ನುತ್ತ ಎಂದಿನಂತೆ ಮನೆಯ ಪ್ಲಗ್‌ಗಳನ್ನೆಲ್ಲ ಕಿತ್ತರು, ವೈಫೈಯದನ್ನೂ. ಲ್ಯಾಪ್‌ಟಾಪು ಕಿಟಕಿಯಲ್ಲಿಟ್ಟಿದ್ದ ಮೊಬೈಲಿನ ನೆಟ್ ಹಿಡಿಯಿತು; ಇದಕ್ಕೆಂದೇ ನಾನು ಹೊಂದಿಸಿಟ್ಟಿದ್ದೆ. ಒಂದು ಕ್ಷಣ ನಿಂತಿದ್ದ ದನಿ ಮತ್ತೆ ಬಂತು.

"ಇದ್ದೀರಾ ಮೇಡಂ?" ಎಂದರು ಗ್ರಾಹಕರು.

"ಇದ್ದೀನಿ, ಹೇಳ್ರಿ" ಎಂದೆ.

ಆಮೇಲೆ ರಘುನಾಥರ ಫೋನ್. "ಯಾರ್ರೀ ಅದು ಕೂಗಿದ್ದು?"

"ನಮ್ಮತ್ತೆ ಸರ್. ವೈಫೈ ಕಿತ್ತಾಕಿದ್ರು. ಕಾಲ್ ಕಟ್ ಆಯ್ತಾ?"

"ಇಲ್ಲ" ಎಂದವರೇ ಫೋನಿಟ್ಟರು.

ದಾವಣಗೆರೆಗೆ ನಾನು ಹೋಗುವುದಿಲ್ಲ. ಈಗ ಮತ್ತೆ ಗುಡುಗುತ್ತಿದೆ, ಆಚೆ ಕೋಣೆಯಲ್ಲಿ ಅತ್ತೆ ಎದ್ದ ಸದ್ದು. ಕೀಳಲಿ.