ಅಪ್ಪ ಅಮ್ಮ ಗೊತ್ತಿರುವ ಮರಿ

ಮಿರ್ಲೆ
ಭಾನುವಾರ, 17-11-2024

ಪ್ರೀತಿಯ ಮಗಳು ಚೈತ್ರಳಿಗೆ,

ನಿನ್ನ ಮಾವ ಷಣ್ಮುಖಪ್ಪ ಬರೆಯುವುದು. ನಿನ್ನ ಸೊಂಟನೋವು ಕಡಿಮೆಯಾಯಿತೇ? ಮಗು ರಾತ್ರಿ ಮಲಗುತ್ತಿದೆಯೇ, ಇಲ್ಲ ನಿಮ್ಮಮ್ಮನನ್ನು ಕುಣಿಸುತ್ತಿದೆಯೇ? ಬೀಗಿತ್ತಿಯವರು ಕೊಡುವ ಮೆಣಸಿನ ಸಾರನ್ನು ಮುಖ ಸಿಂಡರಿಸದೆ ಉಣ್ಣಬೇಕು ಕಣಮ್ಮ. ಸಿದ್ದು ಹುಟ್ಟಿದಾಗ ನಿಮ್ಮತ್ತೆ ಪುಟ್ಟಮಲ್ಲಮ್ಮ ತವರಿನಲ್ಲಿ ಆ ಸಾರನ್ನು ದಿನಾ ಕಿಟಕಿಯಿಂದ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳಂತೆ. ಗಿಡ ಬಾಡಿದ ಮೇಲೆಯೇ ಸಿಕ್ಕಿಬಿದ್ದದ್ದು. ಈಗ ಅವಳಿಲ್ಲದೆ ಐದು ವರ್ಷವಾದರೂ ಮೆಣಸು ಕುಟ್ಟುವ ಸದ್ದಿಗೆ ನನಗೆ ನಗು ಬರುತ್ತದೆ. ಹೆಲ್ತ್ ಈಸ್ ವೆಲ್ತ್. ಮೈಸೂರಿನ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದರಲ್ಲಿ ಪೂರ್ತಿ ನೆನಪಿರುವ ಇಂಗ್ಲಿಷ್ ವಾಕ್ಯ ಅದೊಂದೇ.

ಇಲ್ಲಿ ನಾವು ಅಪ್ಪ ಮಗ ಚೆನ್ನಾಗಿದ್ದೇವೆ. ಸಿದ್ದು ಬೆಳಿಗ್ಗೆ ಕರೆಂಟು ಆಫೀಸಿಗೆ ಹೋದರೆ ಸಂಜೆ ಬರುತ್ತಾನೆ. ನಾನು ಮುದ್ದೆ ತಿರುವುತ್ತೇನೆ, ಅವನು ಗಂಟು ಹುಡುಕುತ್ತಾನೆ. ಮತ್ತೆ, ನಮ್ಮ ಕುಕ್ಕರಿನ ತಳ ಸೀದು ಹೋಯಿತು. ಹಳೆಯದು, ಎಷ್ಟು ದಿನ ಅಂತ ಬಾಳಿಕೆ ಬರುತ್ತದೆ. ಹೊಸದು ತಂದಿದ್ದೇವೆ, ನೀನು ಯೋಚನೆ ಮಾಡಬೇಡ.

ಇನ್ನೊಂದು ಮಾತು. ನೀನು ಫೋನ್ ಮಾಡಿದಾಗಲೆಲ್ಲ ನಾನು ಬರೀ ಹೂಂ ಹೂಂ ಅಂದು ಇಟ್ಟುಬಿಡುತ್ತೇನೆ, ಹೆಣ್ಣು ಮಗು ಅಂತ ಮಾವನಿಗೆ ಬೇಸರವೇನೋ ಅಂತ ನೀನು ಸಿದ್ದು ಹತ್ತಿರ ಕೇಳಿದೆಯಂತೆ. ಅಯ್ಯೋ ಮಗಳೇ! ಹೆಣ್ಣು ಅಂತ ಗೊತ್ತಾದ ದಿನ ಹಾಲಿನ ಡೈರಿ ಮುಂದೆ ಮೈಸೂರುಪಾಕು ಹಂಚಿದವನು ನಾನು. ಇಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಅಷ್ಟೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಿದ್ದು ಕೈಯಲ್ಲೇ ಕಳಿಸಬಹುದಿತ್ತು, ಆದರೆ ಅವನು ನಿಮ್ಮ ಪಿರಿಯಾಪಟ್ಟಣ ತಲುಪುವುದರೊಳಗೆ ಬಸ್ಸಿನಲ್ಲೇ ಒಡೆದು ಓದುತ್ತಾನೆ. ಅವರಮ್ಮನ ಬುದ್ಧಿ.

ಈಗ ವಿಷಯಕ್ಕೆ ಬರುತ್ತೇನೆ. ಓದಿ ಕಾಗದ ಹರಿಯಬೇಡ, ಕೊನೆಯವರೆಗೆ ಓದು. ನನಗೆ ಮನೆಗೊಂದು ನಾಯಿಮರಿ ತರಬೇಕು ಅನ್ನಿಸಿದೆ. ಜಾತಿ ನಾಯಿ, ಲ್ಯಾಬ್ರಡಾರ್. ನಿನಗೆ ನಾಯಿ ಅಂದರೆ ಪ್ರಾಣ ಹೋದಷ್ಟು ಭಯ ಅಂತ ಗೊತ್ತು. ಎಂಟು ವರ್ಷದವಳಿದ್ದಾಗ ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಾಯಿ ಕಚ್ಚಿದ್ದು, ಚುಚ್ಚುಮದ್ದಿಗೆ ಓಡಾಡಿದ್ದು, ಮೀನಖಂಡದ ಮೇಲಿನ ಆ ಗುರುತು, ಎಲ್ಲ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆ ತಿಮ್ಮಮ್ಮನ ನಾಯಿ ಒಳಗೆ ಬಂದಿತೆಂದು ನೀನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಕೂತು, ಸಿದ್ದು ಬರುವ ತನಕ ಇಳಿಯಲಿಲ್ಲ. ಆವತ್ತು ನಾನು ನಕ್ಕೆ. ನಗಬಾರದಿತ್ತು. ಈ ಹೊಸ್ತಿಲಿಗೆ ನಾಯಿ ಬರುವುದಿಲ್ಲ ಅಂತ ಮಾತು ಕೊಟ್ಟವನೂ ನಾನೇ. ಆ ಮಾತಿನಿಂದ ಬಿಡುಗಡೆ ಕೇಳಲು ಈ ಕಾಗದ.

ನೀನು ವಿಜ್ಞಾನದ ಮೇಡಂ, ಹೆರಿಡಿಟಿ ಪಾಠ ಮಾಡುವವಳು, ನಿನಗೆ ನಾನು ಹೇಳಬೇಕಿಲ್ಲ. ಮೂವತ್ತೊಂದು ವರ್ಷ ಡೈರಿ ಕಾರ್ಯದರ್ಶಿಯಾಗಿ ನಾನು ಕಲಿತದ್ದೂ ಅದನ್ನೇ. ತಾಯಿ ಎಷ್ಟು ಹಾಲು ಕೊಟ್ಟಿತ್ತು, ಒದೆಯುತ್ತಿತ್ತೋ ಇಲ್ಲವೋ ಅಂತ ಕೇಳದೆ ಕರು ಕೊಂಡವನು ಆಮೇಲೆ ಪಾತ್ರೆ ಹಿಡಿದುಕೊಂಡು ಅಳುತ್ತಾನೆ. ಮನುಷ್ಯರ ವಿಚಾರದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ನಿಮ್ಮ ಮದುವೆಯಲ್ಲಿ ಹುಡುಗಿ ಯಾವ ಜಾತಿ ಅಂತ ಕೇಳಿದ ನೆಂಟನನ್ನು ಊಟಕ್ಕೂ ಕೂರಿಸದೆ ಕಳಿಸಿದ್ದೇನೆ. ನಾಯಿಗೆ ಮಾತ್ರ ಕೇಳುತ್ತೇನೆ, ಅದು ಬೇಸರ ಮಾಡಿಕೊಳ್ಳುವುದಿಲ್ಲ.

ಬೀದಿ ನಾಯಿಯ ಬಗ್ಗೆ ನನಗೆ ತಾತ್ಸಾರವಿಲ್ಲ. ಸಿದ್ದು ಮೂರನೇ ಕ್ಲಾಸಿನಲ್ಲಿದ್ದಾಗ ಚಡ್ಡಿ ಜೇಬಿನಲ್ಲಿ ಒಂದು ಮರಿ ತಂದ. ಹೆಗ್ಗಣದ ಗಾತ್ರ. ಕೆಂಚ ಅಂತ ಹೆಸರಿಟ್ಟೆವು. ಆರು ತಿಂಗಳಲ್ಲಿ ಅದು ಕರುವಿನಷ್ಟು ಬೆಳೆದು ನಿಮ್ಮತ್ತೆಯನ್ನು ನೀರಿನ ಬಿಂದಿಗೆ ಸಮೇತ ಕೆಡವಿತು. ನಮಗೆ ಪ್ರಾಣ ಕೊಡುತ್ತಿತ್ತು, ಆದರೆ ಪಟಾಕಿ ಸದ್ದಾದರೆ ತಲೆ ಕೆಟ್ಟು ಎದುರಿಗೆ ಸಿಕ್ಕವರನ್ನು ಕಚ್ಚುತ್ತಿತ್ತು. ಹಾಲು ಪರೀಕ್ಷೆಗೆ ಬಂದ ಸಾಹೇಬರ ತೊಡೆಗೇ ಬಾಯಿ ಹಾಕಿತು, ಕಾರ್ಯದರ್ಶಿಯ ಮನೆ ನಾಯಿ! ತಪ್ಪು ಅದರದಲ್ಲ. ಅದರ ಅಪ್ಪ ಯಾರು, ಅಮ್ಮ ಯಾರು, ಎಲ್ಲಿ ಏನು ಕಂಡು ಹೆದರಿತ್ತು, ನಮಗೆ ಗೊತ್ತಿರಲಿಲ್ಲ. ಇಬ್ಬರೇ ಇರುವ ಮನೆಯಾದರೆ ಹೇಗೋ ನಡೆಯುತ್ತದೆ. ಕೂಸು ಇರುವ ಮನೆಗೆ ಗೊತ್ತಿಲ್ಲದ್ದನ್ನು ತರಲು ನನಗೆ ಧೈರ್ಯವಿಲ್ಲ. ಜಾತಿ ನಾಯಿಯಾದರೆ ಎಷ್ಟು ಎತ್ತರ ಬೆಳೆಯುತ್ತದೆ, ಎಷ್ಟು ತಿನ್ನುತ್ತದೆ, ಯಾವ ಕಾಯಿಲೆ ಬರಬಹುದು, ಮಕ್ಕಳ ಜೊತೆ ಹೇಗಿರುತ್ತದೆ ಅಂತ ಮುಕ್ಕಾಲು ಪಾಲು ಮೊದಲೇ ಹೇಳಬಹುದು. ನಮ್ಮ ಮನೆಗೆ ಹೊಂದುವ ಜಾತಿಯನ್ನು ನಾವೇ ಆರಿಸಬಹುದು. ಮುಧೋಳ ಚಂದ, ಆದರೆ ಅದಕ್ಕೆ ಓಡಬೇಕು. ಮೊಲ ಕಂಡು ಕಬ್ಬಿನ ಗದ್ದೆಗೆ ನುಗ್ಗಿದರೆ ಅರವತ್ತೇಳರ ನಾನು ಎಲ್ಲಿ ಹುಡುಕಲಿ? ತಿಮ್ಮಮ್ಮನ ಮನೆಯದು ಪೊಮೇರಿಯನ್, ಎಲೆ ಉದುರಿದರೂ ಬೊಗಳುತ್ತದೆ. ಲ್ಯಾಬ್ರಡಾರ್ ಸುಮ್ಮಸುಮ್ಮನೆ ಬೊಗಳುವುದಿಲ್ಲ, ಕಲಿಸಿದ್ದನ್ನು ಬೇಗ ಕಲಿಯುತ್ತದೆ. ಕೂದಲು ಉದುರಿಸುತ್ತದೆ, ಮುಚ್ಚಿಡುವುದಿಲ್ಲ. ಗುಡಿಸುವ ಕೆಲಸ ನನ್ನದು.

ಹೊಸ ಅಗ್ರಹಾರದಲ್ಲಿ ಮಾದೇಶ ಅಂತ ಒಬ್ಬರಿದ್ದಾರೆ. ಪೊಲೀಸಿನವರ ನಾಯಿಗಳನ್ನು ಪಳಗಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರ ಮನೆಯ ಚಂಪಾ ಅನ್ನುವ ಲ್ಯಾಬ್ರಡಾರ್ ಆರು ಮರಿ ಹಾಕಿದೆ. ಕಳೆದ ಸೋಮವಾರ ನನ್ನ ಸ್ನೇಹಿತ ನಿಂಗಯ್ಯನನ್ನು ಕರೆದುಕೊಂಡು ನೋಡಲು ಹೋದೆ. ಬರಿಗೈಲಿ ಹೇಗೆ ಹೋಗುವುದು ಅಂತ ಬಾಳೆಹಣ್ಣು, ಹೂವು ಒಯ್ದಿದ್ದೆ. ಮಾದೇಶರ ಹೆಂಡತಿ ಹೂವು ನೋಡಿ ಯಾರಿಗೋ ಹೆಣ್ಣು ಕೇಳಲು ಬಂದವರೆಂದುಕೊಂಡು ಜಮಖಾನೆ ಹಾಸಿದರು. ನಾನು ಮರಿಯ ತಾಯಿ, ಅಜ್ಜಿ, ಅವುಗಳ ಸ್ವಭಾವ ಅಂತ ಒಂದೊಂದೇ ಕೇಳುತ್ತಿದ್ದರೆ ನಿಂಗಯ್ಯನಿಗೆ ತಡೆಯಲಾಗಲಿಲ್ಲ. “ಲೋ ಸಣ್ಮುಕ, ನಾಯ್ ತರಾಕೆ ಇಷ್ಟೊಂದ್ ಇಚಾರಣೆ ಏನ್ಲಾ? ನಿನ್ ಮದ್ವೇಗೂ ನಾವು ಇಷ್ಟು ಕೇಳಿರ್ನಿಲ್ಲ ಕಣ್ಲಾ!” ಅಂದ. ಅಂದವನು ತಾನೇನು ಮಾಡಿದ ಗೊತ್ತೇ? ಮರಿಯನ್ನು ಎತ್ತಿ, ಹೋರಿಗೆ ನೋಡುವ ಹಾಗೆ ಹಣೆ, ಬೆನ್ನು, ಬಾಲದ ಬುಡ ಎಲ್ಲ ತಡವಿ ಸುಳಿ ಹುಡುಕಿದ. ಕೆಟ್ಟ ಸುಳಿ ಒಂದೂ ಇಲ್ಲ ಅಂತ ಸರ್ಟಿಫಿಕೇಟನ್ನೂ ಕೊಟ್ಟ. ಆಮೇಲೆ ಟವೆಲ್ ಬಿಚ್ಚಿ ಮಾದೇಶರ ಕೈ ಮೇಲೆ ಹಾಕಿ ಬೆಲೆ ಕುದುರಿಸಲು ಒಳಗೆ ಬೆರಳು ಹಿಡಿದ, ದನದ ವ್ಯಾಪಾರದ ಅಭ್ಯಾಸ. ಆ ಮನುಷ್ಯ ಬೆಚ್ಚಿಬಿದ್ದು ಕೈ ಎಳೆದುಕೊಂಡರು.

ಮಾದೇಶರು ಒಂದು ಕಾಗದ ತೋರಿಸಿದರು. ಪೆಡಿಗ್ರಿ ಅನ್ನುತ್ತಾರಲ್ಲ, ಅದು. ಮರಿಯ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿ, ಎಲ್ಲರ ಹೆಸರೂ ಇದೆ. ನನ್ನ ಮುತ್ತಜ್ಜನ ಹೆಸರು ನನಗೇ ಗೊತ್ತಿಲ್ಲ ಮಗಳೇ. ಆದರೆ ನನಗೆ ಹಿಡಿಸಿದ್ದು ಆ ಕಾಗದಕ್ಕಿಂತ ಅವರು ಹೇಳಿದ ಮಾತು. “ನೋಡಿ ಸಾ, ಈ ಮರಿಗಳ ಅಪ್ಪನ್ ಕಡೆ ಸೊಂಟದ ಮೂಳೆ ವೀಕು. ಅದ್ರ ತಾತಂಗೂ ಇತ್ತು. ಇವಕ್ಕೆ ಬತ್ತದೋ ಇಲ್ವೋ ನಂಗೊತ್ತಿಲ್ಲ, ಮೈ ಬರಾಕೆ ಬುಡಬ್ಯಾಡಿ. ಮುಚ್ಚಿಟ್ಟು ಕೊಡೋನಲ್ಲ ನಾನು,” ಅಂದರು. ಮಾರುವವನು ತನ್ನ ಸರಕಿನ ಹುಳುಕನ್ನು ತಾನೇ ಹೇಳುವುದನ್ನು ನಾನು ಈ ವಯಸ್ಸಿನಲ್ಲಿ ಮೊದಲ ಸಲ ಕಂಡೆ.

ನಾವು ಅಲ್ಲಿದ್ದಾಗಲೇ ಅವರ ಎರಡು ವರ್ಷದ ಮೊಮ್ಮಗಳು ಪುಟಪುಟನೆ ಹೋಗಿ ಚಂಪಾಳ ತಟ್ಟೆಯ ಮುದ್ದೆಗೆ ಕೈ ಹಾಕಿದಳು. ನಾನು ಎದ್ದೇಬಿಟ್ಟೆ. ಚಂಪಾ ಉಣ್ಣುವುದನ್ನು ನಿಲ್ಲಿಸಿ, ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕೂತು, ಮಗುವನ್ನು ಎತ್ತಿಕೊಳ್ಳಿ ಅನ್ನುವ ಹಾಗೆ ಮಾದೇಶರ ಮುಖ ನೋಡಿತು. ಅಂಥ ತಾಯಿಯ ಮರಿ. ಹಾಗಂತ ಕೂಸನ್ನೂ ನಾಯಿಯನ್ನೂ ಇಬ್ಬರನ್ನೇ ಬಿಟ್ಟು ಯಾವತ್ತೂ ಎದ್ದು ಹೋಗಬಾರದು ಅಂತ ಅವರು ಎರಡೆರಡು ಸಲ ಹೇಳಿದ್ದಾರೆ. ನಡುಮನೆಗೂ ಹಜಾರಕ್ಕೂ ನಡುವೆ ಸಣ್ಣ ಗೇಟು ಮಾಡಿಸೋಣ.

ಮರಿಗಳ ಗುಣ ತೋರಿಸಲು ಮಾದೇಶರು ನಮ್ಮ ಬೆನ್ನ ಹಿಂದೆ ಒಂದು ಬೀಗದ ಕೈ ಗೊಂಚಲು ಬೀಳಿಸಿದರು. ಐದು ಮರಿ ಅಮ್ಮನ ಹೊಟ್ಟೆಯಡಿಗೆ ಓಡಿದವು. ಬೆಲ್ಲದ ಬಣ್ಣದ ಒಂದು ಹೆಣ್ಣು ಮರಿ ಮಾತ್ರ ತಿರುಗಿ ಗೊಂಚಲನ್ನು ನೋಡಿ, ಪುಟ್ಟ ಹೆಜ್ಜೆ ಹಾಕುತ್ತಾ ಬಂದು ನನ್ನ ಹೆಬ್ಬೆರಳಿಗೆ ಮೂಗು ಒತ್ತಿ, ಮತ್ತೆ ಹಿಂದಕ್ಕೆ ನೋಡಿತು. ಆವತ್ತಿನಿಂದ ಆ ಮರಿಯೇ ಕಣ್ಣಲ್ಲಿದೆ.

ಕೊನೆಗೆ ಅವರೇ ನನ್ನನ್ನು ಪ್ರಶ್ನೆ ಕೇಳಲು ಶುರುಮಾಡಿದರು. ಮನೆಯಲ್ಲಿ ಯಾರಿಗಾದರೂ ನಾಯಿ ಭಯವಿದೆಯೇ ಅಂದರು. ಯಾರಿಗೂ ಇಲ್ಲ ಬುಡಿ ಅಂತ ನಿಂಗಯ್ಯ ನನಗಿಂತ ಮುಂಚೆ ಹೇಳಿಬಿಟ್ಟ. ಸುಳ್ಳಿನ ಮೇಲೆ ಮರಿ ತರಲು ನನಗೆ ಮನಸ್ಸಾಗಲಿಲ್ಲ, ಸೊಸೆಗಿದೆ ಅಂದೆ. “ಅಂಗಾದ್ರೆ ಆಯಮ್ಮನೇ ಬಂದು ಒಂದ್ ದಪ ಮರೀನ ಮಡ್ಲಲ್ಲಿ ಮಡಿಕೊಂಡು ನೋಡ್ಲಿ. ಅವ್ರು ಊ ಅಂದ್ರೆ ಮರಿ ನಿಮ್ದು, ಇಲ್ದಿದ್ರೆ ಇಲ್ಲ. ಸಂಕ್ರಾಂತಿ ಗಂಟ ಇಟ್ಕೊಂಡಿರ್ತೀನಿ,” ಅಂದರು. ಹೀಗಿದೆ ವಿಷಯ. ನೀನು ಬೇಡ ಅಂದರೆ ಬೇಡ. ನನ್ನ ಮಾತು ನನ್ನ ಮಾತೇ, ಮುಖ ಊದಿಸಿಕೊಂಡು ಕೂರುವವನಲ್ಲ ನಾನು.

ಗದ್ದೆ ಹಣ್ಣಾಗಿದೆ, ಇನ್ನು ಹದಿನೈದು ದಿನಕ್ಕೆ ಕೊಯ್ಲು. ಬೀಗರಿಗೆ, ಬೀಗಿತ್ತಿಯವರಿಗೆ ನನ್ನ ನಮಸ್ಕಾರ ಹೇಳು. ಮಗುವಿನ ನೆತ್ತಿಗೆ ಎಣ್ಣೆ ಇಡುವಾಗ ನನ್ನ ಹೆಸರಿನಲ್ಲೂ ಒಂದು ಬೊಟ್ಟು ಇಡು. ನೀನೂ ಕೂಸೂ ನಗುನಗುತ್ತಾ ಮನೆಗೆ ಬನ್ನಿ, ಮಹದೇಶ್ವರ ನಿಮ್ಮ ಬೆನ್ನಿಗಿರಲಿ.

ನಿನ್ನ ಮಾವ,
ಷಣ್ಮುಖಪ್ಪ

ಬರೆಯದೆ ಬಿಟ್ಟದ್ದು: ಅಂಟು ಹಚ್ಚುವ ಮೊದಲು ಇನ್ನೊಂದು ಸಲ ಓದಿದೆ. ಮಾದೇಶರು ನಾಯಿಯ ಸೊಂಟದ ದೋಷವನ್ನೇ ಮುಚ್ಚಿಡಲಿಲ್ಲ, ನಾನು ನಿನ್ನಿಂದ ಮುಚ್ಚಿಟ್ಟಿದ್ದೇನೆ. ನೆಟ್‌ವರ್ಕ್ ಚೆನ್ನಾಗಿಯೇ ಇದೆ ಮಗಳೇ, ನನ್ನ ಕಿವಿ ಸರಿಯಿಲ್ಲ. ಎಡಗಿವಿ ಹೆಚ್ಚುಕಮ್ಮಿ ಹೋಗಿದೆ, ಬಲಗಿವಿ ಅರ್ಧ. ನಮ್ಮಪ್ಪನಿಗೂ ಅರವತ್ತನಾಲ್ಕಕ್ಕೆ ಹೀಗೇ ಆಗಿತ್ತು, ನಮ್ಮ ವಂಶದ್ದು. ಕುಕ್ಕರ್ ಹಳೆಯದಾಗಿ ಸೀಯಲಿಲ್ಲ. ಎಷ್ಟು ಸಲ ಕೂಗಿತೋ, ನಾನು ಪಕ್ಕದ ಕೋಣೆಯಲ್ಲೇ ಪೇಪರ್ ಓದುತ್ತಿದ್ದೆ. ತಿಮ್ಮಮ್ಮ ಬಂದು ಒಲೆ ಆರಿಸಿದಳು. ಹೊಸ ಅಗ್ರಹಾರದಲ್ಲಿ ಬೀಗದ ಕೈ ಬಿದ್ದದ್ದೂ ನನಗೆ ಕೇಳಲಿಲ್ಲ. ಆ ಮರಿ ಬಂದು ಕಾಲು ಮುಟ್ಟಿ ಹಿಂದಕ್ಕೆ ನೋಡಿದ ಮೇಲೆಯೇ ನಾನು ತಿರುಗಿದ್ದು. ಜೂನ್‌ನಲ್ಲಿ ನೀನು ಸಾಲಿಗ್ರಾಮದ ಶಾಲೆಗೆ ಹೋಗಲು ಶುರುಮಾಡಿದರೆ ಬೆಳಿಗ್ಗೆಯಿಂದ ಸಂಜೆವರೆಗೆ ಮಗು ನನ್ನ ಜವಾಬ್ದಾರಿ ಅಂತ ನಾವು ಮಾತಾಡಿಕೊಂಡಿದ್ದೆವಲ್ಲ. ಅದು ತೊಟ್ಟಿಲಲ್ಲಿ ಅತ್ತರೆ ನನಗೆ ಬಂದು ಹೇಳುವವರು ಒಬ್ಬರು ಬೇಕು. ಕಲಿಸಬಹುದು ಅಂತ ಮಾದೇಶರು ಹೇಳಿದ್ದಾರೆ. ಅದನ್ನು ನಂಬಿ ಕೂತಿಲ್ಲ, ಗುರುವಾರ ನಿಂಗಯ್ಯನ ಜೊತೆ ಮೈಸೂರಿಗೆ ಹೋಗಿ ಕಿವಿ ತೋರಿಸಿ ಮಿಷನ್ ಹಾಕಿಸಿಕೊಳ್ಳುತ್ತೇನೆ. ಸಿದ್ದುಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ. ಮರಿ ಬೇಕೋ ಬೇಡವೋ, ಮಗುವನ್ನು ನನ್ನ ಕೈಗೆ ಕೊಡಬಹುದೋ ಇಲ್ಲವೋ, ಎರಡನ್ನೂ ನೀನೇ ತೀರ್ಮಾನ ಮಾಡು. ನೀನು ಏನೇ ಹೇಳಿದರೂ ಅದು ಸರಿಯೇ. ಕಾಗದ ತಲುಪಿದ ದಿನ ಫೋನ್ ಮಾಡು, ಸ್ವಲ್ಪ ಗಟ್ಟಿಯಾಗಿ ಮಾತಾಡಮ್ಮ. ಮೊದಲು ಮಗುವಿನ ಬಾಯಿಯ ಹತ್ತಿರ ಹಿಡಿ. ನಾನು ಬಲಗಿವಿಗೆ ಇಟ್ಟುಕೊಂಡಿರುತ್ತೇನೆ.