ಕಲ್ಲಿನ ಚರ್ಚಿನ ಕೊನೆಯ ಭಾನುವಾರ

ಗ್ಲೆನೆಲ್ಗ್, ಅಡಿಲೇಡ್
೧೪ ಮೇ ೨೦೨೪

ಪ್ರೀತಿಯ ಮಗಳು ಜಾಯ್ಲಿನ್‌ಗೆ,

ಪರ್ತಿನಲ್ಲಿ ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. "ಅಮ್ಮ, ಫೋನ್ ಯಾಕೆ ಎತ್ತಲ್ಲ?" ಎಂದು ಮೆಸೇಜ್ ಹಾಕಿದ್ದೆಯಲ್ಲ, ಬೇಸರಪಡಬೇಡ. ಇದನ್ನು ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಆಂಗ್ಲಿಕನ್ ಚರ್ಚು ಮುಚ್ಚಿತು. ಮೊನ್ನೆ ಭಾನುವಾರವೇ ಕೊನೆಯ ಆರಾಧನೆ.

ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಕೊಡುತ್ತಿದ್ದ ಬೆರಿಲ್ ಆಂಟಿಯ ನೆನಪಿದೆಯೇ? ಬೆಟ್ಟದಿಂದ ಗಾಡಿಯಲ್ಲಿ ಕಲ್ಲು ತಂದು ಆ ಚರ್ಚು ಕಟ್ಟಿದವರಲ್ಲಿ ಅವರ ಮುತ್ತಜ್ಜನೂ ಒಬ್ಬರು. ಬೆರಿಲ್ ಹುಡುಗಿಯಾಗಿದ್ದಾಗ ತಡವಾಗಿ ಬಂದವರಿಗೆ ಕೂರಲು ಜಾಗ ಸಿಗುತ್ತಿರಲಿಲ್ಲವಂತೆ. ಆಮೇಲೆ ಮಕ್ಕಳೆಲ್ಲ ಬೇರೆ ಊರು ಸೇರಿದರು, ಇಲ್ಲೇ ಉಳಿದವರೂ ಬರುವುದನ್ನು ಬಿಟ್ಟರು. ನಾವು ಉಡುಪಿ ಕಡೆಯ ಕೆಲವು ಕುಟುಂಬದವರು ಮಸ್ಕತ್ತಿನಿಂದ ಬಂದಾಗ ಮುಂದಿನ ಎರಡು ಬೆಂಚುಗಳಷ್ಟೇ ತುಂಬುತ್ತಿದ್ದವು.

ನಾವು ಹಿಂದೆ ಕೂತು, ಉಡುಪಿಯ ಸಭೆಯಲ್ಲಿ ಹಾಡುವ ಹಾಗೆಯೇ ಗಟ್ಟಿಯಾಗಿ ಹಾಡಿಬಿಟ್ಟೆವು. ಬೆರಿಲ್ ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಅಲ್ಯಾಕೆ ಕೂತಿದ್ದೀರಿ? ಮುಂದೆ ಬನ್ನಿ, ನಮಗೆ ಕಿವಿ ಮಂದ" ಎಂದರು. ಮರುವರ್ಷದಿಂದ ತಿಂಗಳಿಗೊಮ್ಮೆ ಕನ್ನಡ ಆರಾಧನೆ, ಮುಗಿದ ಮೇಲೆ ಚರ್ಚಿನ ಸಭಾಂಗಣದಲ್ಲಿ ಕೋರಿ ರೊಟ್ಟಿ, ಗರಿಗರಿ ಅಕ್ಕಿ ರೊಟ್ಟಿಯ ಮೇಲೆ ಕೋಳಿ ಸಾರು. "ಫ್ಲೋರಾ, ಇದು ಕಾರ್ನ್‌ಫ್ಲೇಕ್ಸ್ ಥರಾನೇ ಇದೆ" ಎನ್ನುತ್ತ ಬೆರಿಲ್ ಮತ್ತೆ ತಟ್ಟೆ ಮುಂದೆ ಮಾಡುತ್ತಿದ್ದರು. ಆದರೆ ನಮ್ಮ ಜನವೂ ನಿಲ್ಲಲಿಲ್ಲ. ಕೆಲಸ ಸಿಕ್ಕಿತೆಂದು ಕೆಲವರು ಬ್ರಿಸ್ಬೇನಿಗೆ ಹೋದರು, ನೀನು ಪರ್ತಿಗೆ.

ಮೊನ್ನೆ ಬೆರಿಲ್ ವಾಕರ್ ಹಿಡಿದು ಬಂದು, "ಕೊನೇ ಹಾಡು ಕನ್ನಡದ್ದೇ ಆಗ್ಲಿ" ಎಂದು ಪಾದ್ರಿಗೆ ಹೇಳಿದರು. ಪಪ್ಪ ಶುರುಮಾಡಿದರು, ಎರಡನೇ ಚರಣಕ್ಕೆ ದನಿ ಒಡೆಯಿತು. ಆಗ ಬೆರಿಲ್ ಹಾಡು ಎತ್ತಿಕೊಂಡರು. ರಾಗ ಸರಿಯಾಗಿತ್ತು, ಪದಗಳು ಮಾತ್ರ ಯಾವ ಭಾಷೆಯವೂ ಅಲ್ಲ! ಪಪ್ಪನಿಗೇ ಮೊದಲು ನಗು ಬಂತು. ನಗುತ್ತಲೇ, ಕಣ್ಣೊರೆಸಿಕೊಳ್ಳುತ್ತಲೇ ಎಲ್ಲರೂ ಹಾಡು ಮುಗಿಸಿದೆವು.

ಬಾಗಿಲಿಗೆ ಬೀಗ ಹಾಕಿ ಬೆರಿಲ್ ನನ್ನ ಕೈ ಹಿಡಿದುಕೊಂಡರು. "ನೀವು ಬಂದಿದ್ದಕ್ಕೆ ಇದು ಇಷ್ಟು ವರ್ಷ ಜಾಸ್ತಿ ಬದುಕ್ತು" ಎಂದರು.

ಕರ್ತನ ಕೈ ನಿನ್ನ ಮನೆಯ ಮೇಲಿರಲಿ. ಮೊಮ್ಮಕ್ಕಳಿಗೆ ಮುತ್ತು. ಅವರು ಇಂಗ್ಲಿಷಿನಲ್ಲೇ ಉತ್ತರ ಕೊಡಲಿ, ಪರವಾಗಿಲ್ಲ.

ನಿನ್ನ ಅಮ್ಮ,
ಫ್ಲೋರಾ

ತಾ. ಕ.: ಆ ಜಾಗ ಮಾರುತ್ತಾರೆ. ಚರ್ಚಿನ ತೋಟದ ಗೋಡೆಯಲ್ಲಿಟ್ಟ ನಿನ್ನ ತಮ್ಮ ಕ್ಲಿಫರ್ಡನ ಬೂದಿಯ ಪೆಟ್ಟಿಗೆಯನ್ನು ನಾವು ತೆಗೆದುಕೊಂಡು ಹೋಗಬೇಕಂತೆ. ಪಪ್ಪ ಉಡುಪಿಗೆ ಎನ್ನುತ್ತಾರೆ. ಅವನು ಬೆಳೆದದ್ದು ಈ ಕಡಲ ಪಕ್ಕ, ನಾನು ದೂರ ಕಳಿಸಲಾರೆ. ಅಂದು ಅವನನ್ನು ಅಲ್ಲಿ ಇಡುವಾಗ ನೀನು ಬರಲಿಲ್ಲ. ನಿಮ್ಮಿಬ್ಬರ ನಡುವೆ ಏನಾಗಿತ್ತೆಂದು ನಾನು ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಈ ಸಲ ಬಾ ಮಗಳೇ. ಅವನನ್ನು ಎತ್ತಿಕೊಳ್ಳಲು ನನ್ನೊಬ್ಬಳಿಂದ ಆಗದು.